ಮಂಡಿನೋವಿಗೆ ಕೂಡಿ ಮಾಡುವ ಮದ್ದು

ಮೆಟ್ಟಿಲು ಕಂಡೊಡನೆ ಗೋಡೆಯನ್ನು ಅರಸುವ ಕೈ, ಎಲ್ಲರೂ ನೆಲದ ಮೇಲೆ ಊಟಕ್ಕೆ ಕುಳಿತಾಗ ಕುರ್ಚಿಯನ್ನು ಹುಡುಕುವ ಕಣ್ಣು - ಹಿರಿಯರಿರುವ ಮನೆಗಳಲ್ಲಿ ಇವು ಅಪರೂಪದ ನೋಟಗಳಲ್ಲ. “ಮಂಡಿ ಸವೆದಿದೆ, ಇನ್ನು ಕಾಲಿಗೆ ವಿಶ್ರಾಂತಿ ಕೊಡಿ” ಎಂಬ ಹಿತವಚನವೂ ಬೆನ್ನ ಹಿಂದೆಯೇ ಬರುತ್ತದೆ. ಮಾತೇನೋ ಪ್ರೀತಿಯದೇ, ಆದರೆ ಅದರಿಂದ ಆಗುವುದು ಹಿತವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರನ್ನು ಅಸ್ಥಿಸಂಧಿವಾತ ಬಾಧಿಸುತ್ತಿತ್ತು. ಅವರಲ್ಲಿ ಹೆಂಗಸರೇ ಹೆಚ್ಚು; ಕೀಲುಗಳ ಪೈಕಿ ಮಂಡಿಗೇ ದೊಡ್ಡ ಪಾಲು.

ವಿಶ್ರಾಂತಿ ಏಕೆ ಮದ್ದಲ್ಲ? ಮೂಳೆಯ ತುದಿಗಳನ್ನು ಹೊದಿಸಿರುವ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಕಾಲೂರಿದಾಗ ಅದು ಅದುಮಿಕೊಳ್ಳುತ್ತದೆ, ಎತ್ತಿದಾಗ ಸಡಿಲಗೊಳ್ಳುತ್ತದೆ. ಹೀಗೆ ಕೀಲಿನೊಳಗಿನ ದ್ರವದಿಂದ ತನ್ನ ಆಹಾರವನ್ನು ಹೀರಿಕೊಳ್ಳುತ್ತದೆ. ಕುಳಿತಲ್ಲೇ ಕುಳಿತರೆ ಈ ಪೋಷಣೆ ಕುಗ್ಗುತ್ತದೆ, ತೊಡೆಯ ಸ್ನಾಯುಗಳೂ ಸೊರಗುತ್ತವೆ. ಸ್ನಾಯು ಸೋತರೆ ಕೀಲಿಗೆ ಆಸರೆ ತಪ್ಪುತ್ತದೆ. ನೋವಿಗಂಜಿ ನಡಿಗೆ ತಗ್ಗುತ್ತದೆ. ನಡಿಗೆ ತಗ್ಗಿದಷ್ಟೂ ನೋವು ಬಲಿಯುತ್ತದೆ.

ಈ ವಿಷಚಕ್ರವನ್ನು ಮುರಿಯಲು ಡೆನ್ಮಾರ್ಕಿನಲ್ಲಿ 2013ರಲ್ಲಿ ಏವಾ ರೂಸ್ ಮತ್ತು ಸೋರೆನ್ ಸ್ಕೌ ಎಂಬ ಸಂಶೋಧಕರು ಒಂದು ಕಾರ್ಯಕ್ರಮವನ್ನು ಆರಂಭಿಸಿದರು. ಅದರ ಹೆಸರು ‘ಗ್ಲಾಡ್’. ಡೇನಿಷ್ ಭಾಷೆಯಲ್ಲಿ ಆ ಪದಕ್ಕೆ ‘ಸಂತೋಷಗೊಂಡ’ ಎಂದರ್ಥ. ತರಬೇತಿ ಪಡೆದ ಅಂಗಮರ್ದನ ಚಿಕಿತ್ಸಕರು, ಅಂದರೆ ಫಿಸಿಯೋಥೆರಪಿಸ್ಟರು, ತಮ್ಮ ಊರುಗಳಲ್ಲೇ ಈ ತರಗತಿಗಳನ್ನು ನಡೆಸುತ್ತಾರೆ. ಮೊದಲು ರೋಗದ ಸ್ವರೂಪವನ್ನು ತಿಳಿಹೇಳುತ್ತಾರೆ. ಬಳಿಕ ವಾರಕ್ಕೆ ಎರಡರಂತೆ 12 ಬಾರಿ ಗುಂಪಿನಲ್ಲಿ ವ್ಯಾಯಾಮ. ಕುರ್ಚಿಯಿಂದ ಎದ್ದು ಕೂಡುವುದು, ಮೆಟ್ಟಿಲು ಹತ್ತಿಳಿಯುವುದು, ಮಲಗಿ ಸೊಂಟ ಎತ್ತುವುದು, ರಬ್ಬರ್ ಪಟ್ಟಿಯನ್ನು ಕಾಲಿನಿಂದ ಎಳೆಯುವುದು - ಇಷ್ಟೇ. ಮಂಡಿ ಒಳಕ್ಕೆ ವಾಲದಂತೆ ಪಾದದ ನೇರಕ್ಕೇ ಇರಿಸುವುದರಲ್ಲಿದೆ ಇದರ ಗುಟ್ಟು.

ಭಾಗವಹಿಸಿದವರಲ್ಲಿ ನೋವು ಸರಾಸರಿ ಕಾಲುಭಾಗದಷ್ಟು ಇಳಿದುದು ಅಲ್ಲಿನ ದಾಖಲೆಗಳಲ್ಲಿ ಕಂಡುಬಂದಿದೆ. ನಡಿಗೆ ಚುರುಕಾಯಿತು, ನೋವಿನ ಗುಳಿಗೆ ನುಂಗುವವರ ಸಂಖ್ಯೆ ತಗ್ಗಿತು. ಕೆನಡಾ, ಆಸ್ಟ್ರೇಲಿಯ ಮೊದಲಾದ ದೇಶಗಳೂ ಈ ಕ್ರಮವನ್ನು ಅಳವಡಿಸಿಕೊಂಡಿವೆ. ಸವೆದ ಮೃದ್ವಸ್ಥಿ ಇದರಿಂದ ಮರಳಿ ಬೆಳೆಯುವುದಿಲ್ಲ, ಎಲ್ಲರಿಗೂ ಒಂದೇ ಸಮನಾದ ಗುಣವೂ ಕಾಣುವುದಿಲ್ಲ. ಆದರೆ ಬದುಕು ಹಗುರವಾಗಬಲ್ಲದು.

“ವ್ಯಾಯಾಮ ಮಾಡುವಾಗ ನೋಯುತ್ತದಲ್ಲ?” ಎಂದು ನೀವು ಕೇಳಬಹುದು. ಅದಕ್ಕೂ ಒಂದು ಅಳತೆಯುಂಟು. ಸೊನ್ನೆಯಿಂದ 10ರವರೆಗೆ ನೋವನ್ನು ಅಳೆದರೆ 5ರವರೆಗೆ ಸಹಿಸಬಹುದು. ಒಂದು ದಿನದೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ಮುಂದಿನ ಬಾರಿ ಮಿತಿಗೊಳಿಸಬೇಕು. ಕೀಲು ಕೆಂಪಗೆ ಊದಿ ಬಿಸಿಯಾಗಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಮೊದಲು ವೈದ್ಯರ ಬಳಿಗೆ ಹೋಗತಕ್ಕದ್ದು. ದೇಹದ ಭಾರದ ಮೇಲೂ ಗಮನವಿರಲಿ: ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂದು ಅಮೆರಿಕದ ಒಂದು ಅಧ್ಯಯನ ತೋರಿಸಿದೆ.

ವ್ಯಾಯಾಮ ನಿಂತರೆ ಅದರ ಫಲವೂ ಕ್ರಮೇಣ ಕರಗುತ್ತದೆ. ಒಬ್ಬರೇ ಆರಂಭಿಸಿದ್ದು ನಾಲ್ಕು ದಿನಕ್ಕೆ ನಿಲ್ಲುವುದು ಸಹಜ. ಜೊತೆಗಾರರು ಕಾದಿದ್ದರೆ ಮನೆಯಿಂದ ಹೊರಡಲೇಬೇಕಾಗುತ್ತದೆ. ಪಕ್ಕದವರು ಕುರ್ಚಿಯ ಕೈ ಹಿಡಿಯದೆ ಎದ್ದುದನ್ನು ಕಂಡರೆ ನಮಗೂ ಧೈರ್ಯ ಹುಟ್ಟುತ್ತದೆ. ಬಡಾವಣೆಯ ನಾಲ್ಕಾರು ಹಿರಿಯರು ಕೂಡಿ, ಬಲ್ಲ ಚಿಕಿತ್ಸಕರೊಬ್ಬರನ್ನು ಕರೆಸಿಕೊಂಡರೆ, ಇಂಥದೊಂದು ತರಗತಿಗೆ ಬೇಕಾಗುವುದು ಒಂದು ಹಜಾರ ಮತ್ತು ಕೆಲವು ಗಟ್ಟಿ ಕುರ್ಚಿಗಳು.