ರೇಡಿಯೋ ದೂರದರ್ಶಕ: ನೆಲದ ಮೇಲೋ, ಅಂತರಿಕ್ಷದಲ್ಲೋ?

ಹಬಲ್ ದೂರದರ್ಶಕವನ್ನು 1990ರಲ್ಲಿ ವಾಯುಮಂಡಲದ ಆಚೆಗೆ ಒಯ್ದು ಕಕ್ಷೆಯಲ್ಲಿರಿಸಿದ್ದು ನಿಮಗೆ ಗೊತ್ತು. ಹಾಗಾದರೆ ಪುಣೆ ಬಳಿಯ ಖೋಡದ್‌ನಲ್ಲಿರುವ ಬೃಹತ್ ರೇಡಿಯೋ ದೂರದರ್ಶಕ ಜಿಎಂಆರ್‌ಟಿಯನ್ನು ನೆಲದ ಮೇಲೆಯೇ ಏಕೆ ಕಟ್ಟಿದರು?

ವಾಯುಮಂಡಲ ಎಲ್ಲ ವಿಕಿರಣಗಳನ್ನೂ ಒಂದೇ ರೀತಿ ತಡೆಯುವುದಿಲ್ಲ. ಎಕ್ಸ್-ಕಿರಣಗಳನ್ನು ಅದು ಪೂರ್ತಿ ಹೀರಿಕೊಳ್ಳುತ್ತದೆ. ಬೆಳಕನ್ನು ಬಿಡುತ್ತದೆ, ಆದರೆ ನಕ್ಷತ್ರಗಳು ಮಿನುಗುವಂತೆ ಕಲಕುತ್ತದೆ. ಸುಮಾರು 1 ಸೆಂಟಿಮೀಟರ್‌ನಿಂದ 10 ಮೀಟರ್‌ವರೆಗಿನ ಅಲೆಯುದ್ದದ ರೇಡಿಯೋ ಅಲೆಗಳಿಗೆ ಮಾತ್ರ ಬಾಗಿಲು ಬಹುಮಟ್ಟಿಗೆ ತೆರೆದೇ ಇದೆ. ಹಗಲಾಗಲಿ, ಮೋಡವಾಗಲಿ ಇವುಗಳಿಗೆ ದೊಡ್ಡ ಅಡ್ಡಿಯಲ್ಲ.

ಇನ್ನೊಂದು ಕಾರಣ ಗಾತ್ರ. ದೂರದರ್ಶಕ ಎಷ್ಟು ಸೂಕ್ಷ್ಮ ವಿವರಗಳನ್ನು ಬೇರ್ಪಡಿಸಿ ತೋರಿಸಬಲ್ಲದು ಎಂಬುದು ಅಲೆಯುದ್ದ ಮತ್ತು ವ್ಯಾಸಗಳ ಅನುಪಾತವನ್ನು ಅವಲಂಬಿಸಿದೆ. ಹೈಡ್ರೊಜನ್ ಹೊಮ್ಮಿಸುವ ರೇಡಿಯೋ ಅಲೆಯ ಉದ್ದ 21 ಸೆಂಟಿಮೀಟರ್. ಹಸಿರು ಬೆಳಕಿನ ಅಲೆಗಿಂತ ಇದು ಸುಮಾರು 4 ಲಕ್ಷ ಪಟ್ಟು ಉದ್ದ. ಹಬಲ್‌ನ ದರ್ಪಣದ ವ್ಯಾಸ 2.4 ಮೀಟರ್. ಅದರಷ್ಟೇ ಸೂಕ್ಷ್ಮವಾಗಿ ಹೈಡ್ರೊಜನ್ ಅಲೆಯಲ್ಲಿ ನೋಡಬೇಕೆಂದರೆ ಎಷ್ಟು ಅಗಲದ ಡಿಶ್ ಬೇಕು? ಗುಣಿಸಿ ನೋಡಿ: ಸುಮಾರು 1,000 ಕಿಲೋಮೀಟರ್!

ಅಂಥದ್ದನ್ನು ಯಾರೂ ಕಟ್ಟಲಾರರು. ಬದಲಿಗೆ ದೂರ ದೂರದಲ್ಲಿ ಡಿಶ್‌ಗಳನ್ನು ನಿಲ್ಲಿಸಿ, ಅವು ಪಡೆದ ಸಂಕೇತಗಳನ್ನು ಒಟ್ಟುಗೂಡಿಸುತ್ತಾರೆ. ಜಿಎಂಆರ್‌ಟಿಯಲ್ಲಿ ತಲಾ 45 ಮೀಟರ್ ವ್ಯಾಸದ 30 ಡಿಶ್‌ಗಳು ಸುಮಾರು 25 ಕಿಲೋಮೀಟರ್ ಹರಡಿಕೊಂಡಿವೆ. ಇವನ್ನು ರಾಕೆಟ್‌ನಲ್ಲಿ ಹೊತ್ತೊಯ್ಯುವುದು ಹೇಗೆ? ನೆಲದ ಮೇಲಿದ್ದರೆ ದುರಸ್ತಿಯೂ ಸುಲಭ. 2010ರ ದಶಕದಲ್ಲಿ ಇವುಗಳ ಗ್ರಾಹಕಗಳನ್ನು ಬದಲಿಸಲಾಯಿತು, ಡಿಶ್‌ಗಳು ಹಳೆಯವೇ.

ಹಾಗಿದ್ದರೂ ಅಂತರಿಕ್ಷಕ್ಕೆ ಹೋಗಲೇಬೇಕಾದ ಸಂದರ್ಭಗಳಿವೆ. ಭೂಮಿಯ ವ್ಯಾಸವೂ ಸಾಲದೆಂದಾಗ ಒಂದು ಡಿಶ್ಶನ್ನು ಕಕ್ಷೆಯಲ್ಲಿರಿಸಬಹುದು. 2011ರಲ್ಲಿ ರಷ್ಯ ಹಾರಿಸಿದ ಸ್ಪೆಕ್ಟರ್-ಆರ್ ಉಪಗ್ರಹದ 10 ಮೀಟರ್ ಡಿಶ್ 2019ರವರೆಗೆ ಈ ಕೆಲಸ ಮಾಡಿತು, ಅದೂ ನೆಲದ ಡಿಶ್‌ಗಳ ಜೊತೆಗೂಡಿಯೇ. ಇನ್ನು ಸುಮಾರು 10 ಮೆಗಾಹರ್ಟ್ಸ್‌ಗಿಂತ ಕಡಿಮೆ ಆವೃತ್ತಿಯ ಅಲೆಗಳನ್ನು ಅಯಾನುಗೋಳ ಹಿಂದಕ್ಕೆ ಅಟ್ಟುವುದರಿಂದ ಅವು ನೆಲವನ್ನು ಮುಟ್ಟುವುದೇ ಕಷ್ಟ.

ಮೂರನೆಯದು ನಾವೇ ಮಾಡುವ ಗದ್ದಲ. ಮೊದಲ ನಕ್ಷತ್ರಗಳ ಕಾಲದ ಹೈಡ್ರೊಜನ್ ಅಲೆ, ವಿಶ್ವ ಹಿಗ್ಗಿದಂತೆ ಹಿಗ್ಗಿ ಈಗ ಕೆಲವು ಮೀಟರ್ ಉದ್ದವಾಗಿದೆ. ಅದು ಬೀಳುವುದು ನಮ್ಮ ಎಫ್‌ಎಂ ಪ್ರಸಾರದ ಆಸುಪಾಸಿನಲ್ಲೇ! ಇದನ್ನು ಹುಡುಕಲು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 2020ರಲ್ಲಿ 'ಸರಸ್' ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಪದರಪದರವಾದ ಮಣ್ಣು ಸಂಕೇತವನ್ನು ಕೆಡಿಸುತ್ತದೆ, ನೀರಾದರೆ ಏಕರೂಪ. ಆಸ್ಟ್ರೇಲಿಯದ ಪ್ರಯೋಗವೊಂದು ಕಂಡಿದ್ದೇನೆಂದು 2018ರಲ್ಲಿ ಹೇಳಿದ್ದ ಸಂಕೇತ 'ಸರಸ್'‌ಗೆ ಸಿಗಲಿಲ್ಲ. ಮುಂದೆ ಇಂಥ ಆಂಟೆನಾವನ್ನು ಚಂದ್ರನ ಕಕ್ಷೆಗೆ ಕಳಿಸುವ ಯೋಜನೆ ಇವರದು. ಚಂದ್ರನ ಆಚೆ ಬದಿಯಲ್ಲಿ ಭೂಮಿಯ ಗದ್ದಲಕ್ಕೆ ಚಂದ್ರನೇ ಗೋಡೆ.

ಆದ್ದರಿಂದ ಆಯ್ಕೆಗೆ ಮೊದಲು ಕೇಳಬೇಕಾದದ್ದು ಇಷ್ಟು: ಬೇಕಾದ ಅಲೆ ನೆಲಕ್ಕೆ ತಲುಪುತ್ತದೆಯೇ? ಭೂಮಿಯ ಅಗಲ ಸಾಕೇ? ಅಲ್ಲಿ ನಿಶ್ಶಬ್ದವಿದೆಯೇ? ಮೂರಕ್ಕೂ ಉತ್ತರ 'ಹೌದು' ಎಂದಾದರೆ ನೆಲವೇ ಲೇಸು. ಮೊದಲ ಎರಡನ್ನು ನಿರ್ಧರಿಸುವುದು ನಿಸರ್ಗ. ಮೂರನೆಯದು ನಮ್ಮ ಕೈಯಲ್ಲೇ ಇದೆ.