ಪೂರ್ವಕ್ಕೆ ಹಾರಿದರೂ ಹಿಂದೆ ಸರಿಯುವ ಗಡಿಯಾರ

ಸಿಂಗಪುರದಿಂದ ಬೆಳಿಗ್ಗೆ 9 ಘಂಟೆಗೆ ಹೊರಟ ವಿಮಾನವು 9-50ಕ್ಕೆ ಜಕಾರ್ತವನ್ನು ಸೇರುವುದೆಂದು ಟಿಕೆಟ್ಟಿನಲ್ಲಿ ಅಚ್ಚಾಗಿದ್ದರೆ, ಪ್ರಯಾಣಕ್ಕೆ ಹಿಡಿಯುವ ಕಾಲವೆಷ್ಟು? ಐವತ್ತು ನಿಮಿಷವೆಂದು ಥಟ್ಟನೆ ಉತ್ತರಿಸುವವರು ಮೋಸಹೋದರೆಂದೇ ಅರ್ಥ. ಹಾಗೆ ಮೋಸಹೋದವರಲ್ಲಿ ಈ ಲೇಖಕನೂ ಒಬ್ಬ.

ಎರಡು ವಿಮಾನ ನಿಲ್ದಾಣಗಳ ನಡುವಣ ನೇರ ದೂರ ಸುಮಾರು 880 ಕಿಲೋಮೀಟರು. ಬೆಂಗಳೂರಿನಿಂದ ಮುಂಬಯಿಗೆ ಹಾರುವ ದೂರಕ್ಕಿಂತ ತುಸುವೇ ಹೆಚ್ಚು. ವೇಳಾಪಟ್ಟಿಯಲ್ಲಿ ಇದಕ್ಕೆ 1 ಘಂಟೆ 50 ನಿಮಿಷದ ಆಸುಪಾಸಿನ ಅವಧಿ. ಆಕಾಶದಲ್ಲಿರುವುದು ಅದರಲ್ಲಿ ಒಂದೂವರೆ ಘಂಟೆಗಿಂತ ಹೆಚ್ಚೇನಲ್ಲ. ಉಳಿದುದೆಲ್ಲ ನೆಲದ ಮೇಲೆ ತೆವಳುವುದಕ್ಕೆ, ಸರದಿ ಕಾಯುವುದಕ್ಕೆ.

ಕಿಟಕಿಯ ಬಳಿ ಸ್ಥಳ ದೊರೆತವರು ಭಾಗ್ಯವಂತರು. ಹಾರಿದ ಕಾಲು ಘಂಟೆಯ ಆಸುಪಾಸಿನಲ್ಲಿಯೇ ಲಿಂಗ ದ್ವೀಪಗಳ ಬಳಿ ಭೂಮಧ್ಯರೇಖೆಯನ್ನು ದಾಟುತ್ತೇವೆ. ಮುಂದೆ ಸುಮಾತ್ರದ ಮಗ್ಗುಲಲ್ಲಿ ಬಂಕ ದ್ವೀಪ. ಶ್ರೀವಿಜಯ ರಾಜ್ಯದ ಹೆಸರುಳ್ಳ ಕ್ರಿ.ಶ. 686ರ ಶಾಸನವೊಂದು ಅಲ್ಲಿನ ಕೋಟ ಕಪುರದಲ್ಲಿ ದೊರೆತಿದೆ. ಭಾಷೆ ಹಳೆಯ ಮಲಯ. ಲಿಪಿಯಾದರೋ ಪಲ್ಲವರದು, ನಮ್ಮ ಹಳಗನ್ನಡ ಲಿಪಿಗೆ ದಾಯಾದಿ. ಹೊರಟ ಊರು ಸಿಂಹಪುರ, ಸೇರುವ ಊರು 1527ರಲ್ಲಿ ಹೆಸರು ಪಡೆದ ಜಯಕರ್ತ. ಸಂಸ್ಕೃತದ ಸಂಬಂಧ ಅಷ್ಟು ದೂರದವರೆಗೂ ಹೋಗಿದೆ.

ಇನ್ನು ಆ ಕಳೆದುಹೋದ ಘಂಟೆಯ ವಿಚಾರ. ಜಕಾರ್ತವು ಸಿಂಗಪುರಕ್ಕಿಂತ ಸುಮಾರು 3 ಡಿಗ್ರಿ ಪೂರ್ವಕ್ಕಿದೆ. ಅಲ್ಲಿ ಸೂರ್ಯ ನೆತ್ತಿಗೇರುವುದು ಸುಮಾರು 12 ನಿಮಿಷ ಮೊದಲೇ. ನ್ಯಾಯವಾಗಿ ಅಲ್ಲಿಯ ಗಡಿಯಾರವೇ ಮುಂದಿರಬೇಕಲ್ಲವೆ? ಆದರೆ ಅದು ಒಂದು ಘಂಟೆ ಹಿಂದಿದೆ. ಇದು ಸೂರ್ಯನ ತಪ್ಪಲ್ಲ, ಸರ್ಕಾರಗಳ ಕೆಲಸ. 1905ರಲ್ಲಿ ಸಿಂಗಪುರದ ಕಾಲ ಗ್ರೀನಿಚ್ಚಿಗಿಂತ 7 ಘಂಟೆ ಮುಂದಿತ್ತು. 1933ರಲ್ಲಿ 20 ನಿಮಿಷ, 1941ರಲ್ಲಿ ಮತ್ತೆ 10 ನಿಮಿಷ ಕೂಡಿಸಿದರು. 1942ರಲ್ಲಿ ಬಂದ ಜಪಾನೀಯರು ಟೋಕಿಯೋ ಕಾಲವನ್ನೇ ಹೇರಿದರು. 1945ರಲ್ಲಿ ಅವರೊಂದಿಗೆ ಅದೂ ಹೋಯಿತು. ಮಲೇಷ್ಯಾ ತನ್ನ ಪರ್ಯಾಯ ದ್ವೀಪದ ಕಾಲವನ್ನು ಸಬಾ, ಸರಾವಾಕ್‌ಗಳ ಕಾಲದೊಡನೆ ಒಂದುಗೂಡಿಸಿದಾಗ, 1982ರ ಜನವರಿ 1ರಿಂದ ಸಿಂಗಪುರವೂ ಅರ್ಧ ಘಂಟೆ ಮುಂದೆ ಸರಿದು 8 ಘಂಟೆಗೆ ನಿಂತಿತು. ಜಕಾರ್ತ 7ರಲ್ಲಿಯೇ ಉಳಿಯಿತು. ಆದುದರಿಂದ ಸಿಂಗಪುರದಲ್ಲಿ ನಡುಹಗಲಾಗುವುದು ಗಡಿಯಾರದ 1 ಘಂಟೆಗೆ!

ಹೋಗುವಾಗ ಲಾಭವೆಂದು ತೋರಿದ ಘಂಟೆಯನ್ನು ಬರುವಾಗ ಹಿಂದಿರುಗಿಸಲೇಬೇಕು. ಜಕಾರ್ತದಿಂದ ಮಧ್ಯಾಹ್ನ 2ಕ್ಕೆ ಹೊರಟ ನಾನು ಸಿಂಗಪುರದಲ್ಲಿ ಇಳಿದಾಗ ಅಲ್ಲಿ 4-50. ನನ್ನ ಕೈಗಡಿಯಾರದಲ್ಲಿ 3-50. ಮಾವನವರು ಮದುವೆಯಲ್ಲಿ ತೊಡಿಸಿದ ಆ ಗಡಿಯಾರದಲ್ಲಿ ನನಗೆ ಅತಿಯಾದ ನಂಬಿಕೆ. ಬೆಂಗಳೂರಿನ ವಿಮಾನ ರಾತ್ರಿ 8ಕ್ಕೆ. ಬೇಕಾದಷ್ಟು ಹೊತ್ತಿದೆಯೆಂದು ಕಾಫಿ ಕುಡಿದು, ಪುಸ್ತಕ ಓದಿ, 'ಏಳು ಘಂಟೆಗೆ' ಸಾವಕಾಶವಾಗಿ ದ್ವಾರದ ಬಳಿಗೆ ನಡೆದೆ. ಬಾಗಿಲು ಮುಚ್ಚಿತ್ತು. ಅಲ್ಲಿದ್ದ ಹುಡುಗಿ ಮಾತಾಡದೆ ಗೋಡೆಯ ಗಡಿಯಾರವನ್ನು ತೋರಿಸಿದಳು.

ಹೊಸ ಟಿಕೆಟ್ಟಿಗೆ ತೆತ್ತ ಹಣದ ಮಾತು ಹಾಗಿರಲಿ. ಮರುದಿನ ನಮ್ಮ ತಂದೆಯವರ ಶ್ರಾದ್ಧ. ನಾನು ಹಿರಿಯ ಮಗ. ಮನೆ ಮುಟ್ಟಿದಾಗ ಇಳಿಹೊತ್ತು. ನನ್ನ ತಮ್ಮ ಪಿಂಡಪ್ರದಾನ ಮುಗಿಸಿ, ಒದ್ದೆ ಪಂಚೆಯನ್ನು ಹಿತ್ತಲಿನಲ್ಲಿ ಹರವುತ್ತಿದ್ದ. ಅಮ್ಮ ನನ್ನ ಎಲೆಯನ್ನು ಹಾಗೆಯೇ ಇರಿಸಿದ್ದರು.