ಬಾವಲಿಯಾದ ನಾನು, ನೆಟ್ಟಗೆ ಕೂತ ಚಿಕ್ಕಮ್ಮ

“ಯಾಕೋ ಬಾವಲಿ ಥರ ನೇತಾಡ್ತಿದ್ದೀಯ? ನೆಟ್ಟಗೆ ಕೂತ್ಕೊಳ್ಳೋ!”

2009ರ ಒಂದು ಭಾನುವಾರ ಶಿವಮೊಗ್ಗದ ಚಿಕ್ಕಮ್ಮ ನನ್ನನ್ನು ಮೊದಲ ಸಲ ಕಂಪ್ಯೂಟರಿನಲ್ಲಿ ಕಂಡು ಆಡಿದ ಮಾತಿದು. ನಾನು ಮೈಸೂರಿನ ಬಾಡಿಗೆ ಕೋಣೆಯಲ್ಲಿ ನೆಟ್ಟಗೇ ಕೂತಿದ್ದೆ. ಅವರ ವಿಂಡೋಸ್ ಪರದೆಯಲ್ಲಿ ಮಾತ್ರ ನನ್ನ ತಲೆ ಕೆಳಗೆ, ಸೂರಿನ ಫ್ಯಾನು ಅದಕ್ಕೂ ಕೆಳಗೆ. ಹೊಸದಾಗಿ ಲಿನಕ್ಸ್ ಹಾಕಿಕೊಂಡು ಬೀಗುತ್ತಿದ್ದ ಕಾಲ, ಸೋಲೊಪ್ಪಲು ಮನಸ್ಸಿಲ್ಲ. ಲ್ಯಾಪ್‌ಟಾಪನ್ನೇ ಬುಡಮೇಲು ಮಾಡಿ ಹಿಡಿದೆ. ಚಿಕ್ಕಮ್ಮನಿಗೆ ನಾನು ಸರಿಯಾದೆ, ನನಗೆ ಚಿಕ್ಕಮ್ಮ ತಲೆಕೆಳಗಾದರು. ಅರ್ಧ ಗಂಟೆ ಹಾಗೇ ಮಾತಾಡಿದೆವು.

ಕಾರಣ ಆಮೇಲೆ ತಿಳಿಯಿತು. ಆಗಿನ ಕೆಲವು ಲ್ಯಾಪ್‌ಟಾಪುಗಳಲ್ಲಿ ಕ್ಯಾಮೆರಾವನ್ನು ಕಾರ್ಖಾನೆಯಲ್ಲೇ ತಲೆಕೆಳಗಾಗಿ ಕೂರಿಸುತ್ತಿದ್ದರು. ವಿಂಡೋಸ್‌ಗೆಂದು ತಯಾರಕರು ಕೊಡುವ ಡ್ರೈವರ್ ಸದ್ದಿಲ್ಲದೆ ಚಿತ್ರವನ್ನು ತಿರುಗಿಸಿ ಮಾನ ಉಳಿಸುತ್ತಿತ್ತು. ಲಿನಕ್ಸಿನ ಡ್ರೈವರ್‌ಗೆ ಈ ಒಳಗುಟ್ಟು ಯಾರೂ ಹೇಳಿರಲಿಲ್ಲ. ಬಂದದ್ದನ್ನು ಬಂದಂತೆ ತೋರಿಸಿತು. ಕೊನೆಗೆ ಇಂಥ ಲ್ಯಾಪ್‌ಟಾಪುಗಳದೇ ಒಂದು ಪಟ್ಟಿಯನ್ನು ‘ಲಿಬ್‌ವಿ4ಎಲ್’ ಎಂಬ ತಂತ್ರಾಂಶದೊಳಗೆ ಸೇರಿಸಿದರು. ಪಟ್ಟಿಯಲ್ಲಿ ಹೆಸರಿದ್ದರೆ ಚಿತ್ರ ತಿರುಗುತ್ತದೆ.

ಇಷ್ಟಾದರೂ ಅದು ಒಳ್ಳೆಯ ಕಾಲವೇ. ಯುಎಸ್‌ಬಿ ಕ್ಯಾಮೆರಾಗಳೆಲ್ಲ ಒಂದೇ ರೀತಿ ವ್ಯವಹರಿಸಬೇಕು ಎಂಬ ಯುವಿಸಿ ಒಪ್ಪಂದದ ಡ್ರೈವರ್ 2008ರಲ್ಲಿ ಲಿನಕ್ಸ್ ಕರ್ನಲ್ 2.6.26ಕ್ಕೆ ಸೇರಿತ್ತು. ಅದಕ್ಕೆ ಮುಂಚೆ ಲಿನಕ್ಸ್‌ನವರು ಕ್ಯಾಮೆರಾ ಕೊಳ್ಳುವುದೆಂದರೆ ಜಾತಕ ಕೂಡಿಸಿದ ಹಾಗೆ: ಡಬ್ಬದ ಮೇಲಿನ ಹೆಸರು ಒಂದೇ ಆದರೂ ಒಳಗಿನ ಚಿಪ್ ಬೇರೆಯಾದರೆ ಸಂಬಂಧ ಕೂಡುತ್ತಿರಲಿಲ್ಲ.

ಕ್ಯಾಮೆರಾ ಸರಿಹೋದ ಮೇಲೆ ಉಳಿಯುವುದು ದಾರಿಯ ಇಕ್ಕಟ್ಟು. ಅಗಲಕ್ಕೆ 640, ಎತ್ತರಕ್ಕೆ 480 ಚುಕ್ಕಿಗಳ ಸಣ್ಣ ಚಿತ್ರವನ್ನೇ ತೆಗೆದುಕೊಳ್ಳಿ. ಚುಕ್ಕಿಗೆ 24 ಬಿಟ್, ಸೆಕೆಂಡಿಗೆ 30 ಚಿತ್ರ ಎಂದರೆ ಪ್ರತಿ ಸೆಕೆಂಡಿಗೆ 22 ಕೋಟಿ ಬಿಟ್. ಭಾರತದ 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್! 860 ಪಟ್ಟಿಗೂ ಹೆಚ್ಚು ಹಿಂಡಿದರಷ್ಟೇ ಚಿತ್ರ ಆ ಕೊಳವೆಯಲ್ಲಿ ಹಿಡಿಸುತ್ತಿತ್ತು. ಹಿಂಡುವ ಕೆಲಸ ಕೋಡೆಕ್‌ನದು. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಏನು ಬದಲಾಗಿದೆಯೋ ಬಹುಪಾಲು ಅದನ್ನೇ ಅದು ಕಳಿಸುತ್ತದೆ. ಗೋಡೆ ಅಲುಗದು, ಅದಕ್ಕೆ ಖರ್ಚಿಲ್ಲ. ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದರೆ ಬಿಟ್‌ಗಳೆಲ್ಲ ರೆಕ್ಕೆಗಳ ಪಾಲಾಗಿ ಮುಖ ಮಸುಕಾಗುತ್ತದೆ. ಬೇಕಾದರೆ ನಿಧಾನದ ಸಂಪರ್ಕದಲ್ಲಿ ಕರೆ ಮಾಡಿ, ಫ್ಯಾನು ಆರಿಸಿ ನೋಡಿ.

ಆದರೆ ಈ ಕಡೆ ಹಿಂಡಿದ್ದನ್ನು ಆ ಕಡೆ ಬಿಡಿಸಲು ಬರಬೇಕಲ್ಲ? ಲಿನಕ್ಸ್–ವಿಂಡೋಸ್ ಜಗಳದ ನಿಜವಾದ ಜಾಗ ಇದೇ, ಇಬ್ಬರಿಗೂ ಬರುವ ಭಾಷೆ ಯಾವುದೆಂಬುದು. ಮೊದಲು ಸಿಕ್ಕ ಭಾಷೆ ಎಚ್.323, ಟೆಲಿಫೋನ್ ಮಾನಕಗಳನ್ನು ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಟಿಯು 1996ರಲ್ಲಿ ಒಪ್ಪಿದ್ದು. ಮೈಕ್ರೋಸಾಫ್ಟಿನ ವಿಡಿಯೋ ಕರೆ ತಂತ್ರಾಂಶ ನೆಟ್‌ಮೀಟಿಂಗ್ ಅದನ್ನೇ ಆಡುತ್ತಿತ್ತು. ಬೆಲ್ಜಿಯಂನ ವಿದ್ಯಾರ್ಥಿ ಡೇಮಿಯನ್ ಸ್ಯಾಂಡ್ರಾಸ್ ತನ್ನ ಪದವಿಯ ಪ್ರಬಂಧಕ್ಕೆಂದು ಲಿನಕ್ಸಿನಲ್ಲಿ ಗ್ನೋಮ್‌ಮೀಟಿಂಗ್ ಬರೆದಾಗ ಅದೂ ಅದೇ ಭಾಷೆ ಕಲಿತಿತ್ತು. ಹೀಗೆ ಹೊಸ ಶತಮಾನದ ಆರಂಭದಲ್ಲೇ ಲಿನಕ್ಸ್‌ನವರು ವಿಂಡೋಸ್‌ನವರ ಮುಖ ನೋಡಿದರು, ಅಂಚೆಚೀಟಿಯಷ್ಟು ಗಾತ್ರದಲ್ಲಿ. 2006ರಲ್ಲಿ ಗ್ನೋಮ್‌ಮೀಟಿಂಗ್‌ನ ಹೆಸರು ಎಕಿಗಾ ಎಂದಾಯಿತು. ಕ್ಯಾಮರೂನಿನಲ್ಲಿ ಊರಿಂದೂರಿಗೆ ಸುದ್ದಿ ಮುಟ್ಟಿಸುತ್ತಿದ್ದ ಹಳೆಯ ಪದ್ಧತಿಯ ಹೆಸರಂತೆ. ಸ್ವಲ್ಪದರಲ್ಲೇ ಎದುರಿನವನೇ ಎದ್ದು ಹೋದ: ವಿಂಡೋಸ್ ವಿಸ್ತಾದಲ್ಲಿ ನೆಟ್‌ಮೀಟಿಂಗ್ ಇರಲಿಲ್ಲ.

ಅದಿದ್ದ ಕಾಲದಲ್ಲೂ ಕರೆಗಳು ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಹಳೆಯ ವಠಾರವನ್ನು ನೆನೆಯಿರಿ. ಹತ್ತು ಮನೆ, ರಸ್ತೆಗೆ ಒಂದೇ ಬಾಗಿಲು, ಅಂಚೆಯವನಿಗೆ ಒಂದೇ ವಿಳಾಸ. ನಿಮ್ಮ ಮನೆಯ ರೌಟರ್ ಅಂಥ ವಠಾರದ ಬಾಗಿಲು, ಒಳಗಿನ 192.168ರಿಂದ ಶುರುವಾಗುವ ಸಂಖ್ಯೆಗಳು ಮನೆ ನಂಬರುಗಳು. ಹೊರಗೆ ಹೋಗುವ ಕಾಗದದ ಲಕೋಟೆಯ ಮೇಲೆ ರೌಟರ್ ಮನೆ ನಂಬರು ಹೊಡೆದು ವಠಾರದ ವಿಳಾಸ ಬರೆಯುತ್ತದೆ. ಎಚ್.323 ಮಾಡಿದ ಎಡವಟ್ಟೆಂದರೆ, ‘ಉತ್ತರವನ್ನು ಈ ವಿಳಾಸಕ್ಕೆ ಕಳಿಸಿ’ ಎಂದು ಕಾಗದದ ಒಳಗೂ ಮನೆ ನಂಬರನ್ನೇ ಬರೆಯುತ್ತಿತ್ತು. ಸಾಧಾರಣ ರೌಟರ್ ಲಕೋಟೆ ಒಡೆದು ಓದುವುದಿಲ್ಲ. ಆ ಕಡೆಯವರು ‘7ನೇ ನಂಬರ್ ಮನೆ’ಗೆ ಉತ್ತರ ಬರೆದು ಕೂತರೆ, ಯಾವ ಊರಿನ, ಯಾವ ವಠಾರದ 7? ಕರೆ ಹತ್ತುತ್ತಿತ್ತು, ಚಿತ್ರವೂ ಇಲ್ಲ, ದನಿಯೂ ಇಲ್ಲ.

ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಮೊದಲು ಹೊರಗಿನ ಸ್ಟನ್ ಎಂಬ ಸರ್ವರನ್ನು ಕೇಳುವುದು: “ನನ್ನ ಕಾಗದ ನಿಮಗೆ ಯಾವ ವಿಳಾಸದಿಂದ ಬಂದಂತೆ ಕಾಣುತ್ತದೆ?” ಅದು ಹೇಳಿದ ವಿಳಾಸವನ್ನು ಎದುರಿನವರಿಗೆ ತಿಳಿಸಿ, ಇಬ್ಬರೂ ಒಟ್ಟಿಗೇ ಒಬ್ಬರಿಗೊಬ್ಬರು ಕಾಗದ ಹಾಕುವುದು. ಒಳಗಿನವರು ಯಾರಿಗೆ ಬರೆದಿದ್ದಾರೋ ಅವರಿಂದ ಬಂದದ್ದನ್ನು ಬಾಗಿಲು ಉತ್ತರವೆಂದು ನಂಬಿ ಒಳಗೆ ಬಿಡುತ್ತದೆ. ಎರಡೂ ಕಡೆಯ ಬಾಗಿಲು ಹೀಗೆ ಏಮಾರಿದರೆ ನೇರ ದಾರಿ ತೆರೆಯಿತು. ಏಮಾರದ ಬಿಗಿ ಬಾಗಿಲುಗಳೂ ಉಂಟು. ಆಗ ಟರ್ನ್ ಎಂಬ ನಡುವಿನ ಸರ್ವರ್ ಎರಡೂ ಕಡೆಯ ಮಾತನ್ನು ಹೊರಬೇಕು.

2003ರಲ್ಲಿ ಬಂದ ಸ್ಕೈಪ್ ಜನರ ಮನಸ್ಸು ಗೆದ್ದದ್ದು ಬಹುಪಾಲು ಇಂಥ ಚಾತುರ್ಯದಿಂದಲೇ. ಇಬ್ಬರ ಕರೆಯನ್ನು ಮೂರನೆಯವರ ಕಂಪ್ಯೂಟರ್ ಮೂಲಕವೂ ದಾಟಿಸುತ್ತಿತ್ತು. ಅದರ ಭಾಷೆ ಮಾತ್ರ ಗುಟ್ಟು. ಬೇರೆಯವರು ಕಲಿಯುವಂತಿಲ್ಲ, ಅವರೇ ಕೊಟ್ಟಾಗ ತೆಗೆದುಕೊಳ್ಳಬೇಕು. ವಿಂಡೋಸ್‌ಗೆ 2006ರ ಆರಂಭಕ್ಕೆಲ್ಲ ಸಿಕ್ಕಿದ್ದ ವಿಡಿಯೋ ಲಿನಕ್ಸಿಗೆ ಪರೀಕ್ಷಾರ್ಥವಾಗಿ ಬಂದದ್ದು 2007ರ ನವೆಂಬರಿನಲ್ಲಿ. ನಾನು ಬಾವಲಿಯಾದದ್ದು ಅದರಲ್ಲೇ.

ಬಾಗಿಲು ಪೂರ್ತಿ ತೆರೆದದ್ದು ಬ್ರೌಸರ್. ಧ್ವನಿ ಮತ್ತು ಚಿತ್ರದ ತಂತ್ರ ಬಲ್ಲ ಎರಡು ಕಂಪನಿಗಳನ್ನು 2010ರಲ್ಲಿ ಕೊಂಡ ಗೂಗಲ್, ಮರುವರ್ಷ ಬ್ರೌಸರಿನಲ್ಲೇ ವಿಡಿಯೋ ಕರೆ ಮಾಡಿಸುವ ವೆಬ್‌ಆರ್‌ಟಿಸಿಯ ಮೂಲ ಸಂಕೇತವನ್ನು ಬಹಿರಂಗಗೊಳಿಸಿತು. 2013ರ ಫೆಬ್ರುವರಿಯಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ತಮ್ಮತಮ್ಮಲ್ಲಿ ವಿಡಿಯೋ ಕರೆ ಮಾಡಿ ತೋರಿಸಿದವು. ಕೋಡೆಕ್ ವಿಚಾರದಲ್ಲಿ ಮಾತ್ರ ಜಗಳ ಎಳೆಯಿತು. ವಿಪಿ8 ಪುಕ್ಕಟೆ, ಎಚ್.264ಕ್ಕೆ ಪೇಟೆಂಟ್ ಹಣ ಕಟ್ಟಬೇಕು, ಆದರೆ ಬಳಕೆಯಲ್ಲಿದ್ದ ಉಪಕರಣಗಳಿಗೆ ಬರುತ್ತಿದ್ದುದು ಅದೇ. ಸಿಸ್ಕೊ ಕಂಪನಿ ತಾನು ಸಿದ್ಧಪಡಿಸಿದ ಎಚ್.264 ಕೋಡೆಕ್ಕನ್ನು, ಹಣ ತಾನೇ ಕಟ್ಟುವುದಾಗಿ ಹೇಳಿ, ಎಲ್ಲರಿಗೂ ಬಿಟ್ಟುಕೊಟ್ಟಿತು. 2014ರ ನವೆಂಬರಿನಲ್ಲಿ ಇಂಟರ್‌ನೆಟ್ ಮಾನಕಗಳ ಮಂಡಳಿ ಐಇಟಿಎಫ್, ಬ್ರೌಸರುಗಳು ಎರಡನ್ನೂ ಕಲಿಯಲಿ ಎಂದು ಪಂಚಾಯಿತಿ ಮುಗಿಸಿತು. ಧ್ವನಿಗೆ ಓಪಸ್. ಅದರ ಅರ್ಧ ಭಾಗ ಸ್ಕೈಪ್‌ನವರೇ ಕೊಟ್ಟ ಸಿಲ್ಕ್ ಎಂಬುದು ನನಗೆ ಈಗಲೂ ತಮಾಷೆಯೆನಿಸುತ್ತದೆ. 2025ರ ಮೇ ತಿಂಗಳಲ್ಲಿ ಸ್ಕೈಪ್ ಮುಚ್ಚಿತು. ಅದರ ದನಿ ಬ್ರೌಸರುಗಳಲ್ಲಿ ಉಳಿದಿದೆ.

ಈಗ ಲಿನಕ್ಸ್‌ನವರಿಗೆ ಎದುರಾಗುವ ಪೇಚು ಬೇರೆ: ಪರದೆ ಹಂಚಲು ಹೋದರೆ ಕೆಲವೊಮ್ಮೆ ಎದುರಿನವರಿಗೆ ಬರೀ ಕಪ್ಪು. ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುತ್ತಿದ್ದ ಹಳೆಯ ಎಕ್ಸ್ ವ್ಯವಸ್ಥೆಯಲ್ಲಿ ಯಾವ ತಂತ್ರಾಂಶ ಬೇಕಾದರೂ ಪರದೆಯನ್ನೆಲ್ಲ ಇಣುಕಿ ನೋಡಬಹುದಿತ್ತು. ಹೊಸ ವೇಲ್ಯಾಂಡ್ ಅದನ್ನು ಬಿಡುವುದಿಲ್ಲ. ನಿಮ್ಮ ಅಪ್ಪಣೆ ಕೇಳಿ, ನೀವು ಆರಿಸಿದ ಕಿಟಕಿ ಅಥವಾ ಪರದೆಯನ್ನಷ್ಟೇ ಪೈಪ್‌ವೈರ್ ಎಂಬ ತಂತ್ರಾಂಶದ ಮೂಲಕ ಕೊಡುತ್ತದೆ. ಆ ಕ್ರಮ ಕಲಿಯದ ತಂತ್ರಾಂಶಕ್ಕೆ ಕತ್ತಲೇ ಗತಿ.

ಮೊನ್ನೆ ಚಿಕ್ಕಮ್ಮನಿಗೆ ಬ್ರೌಸರಿನಲ್ಲೇ ತೆರೆಯುವ ಜಿಟ್ಸಿ ವಿಡಿಯೋ ಕರೆಯ ಕೊಂಡಿ ಕಳಿಸಿ ಕೂತೆ. ಅವರ ಮನೆಯಲ್ಲಿ ಈಗಲೂ ವಿಂಡೋಸ್. ಮಾತಿನ ನಡುವೆ, ಕರೆಯ ಒಳಹೂರಣ ತೋರಿಸುವ ಕ್ರೋಮ್‌ನ ಪುಟವನ್ನು ಮಗ್ಗುಲಲ್ಲಿ ತೆರೆದಿದ್ದೆ. ಕೋಡೆಕ್‌ಗಳ ಪಟ್ಟಿ, ತಲುಪಬಹುದಾದ ವಿಳಾಸಗಳು, ಗುಪ್ತಲಿಪಿಯ ಬೆರಳಚ್ಚು ಎಲ್ಲ ಸಾಲುಸಾಲಾಗಿ ಇದ್ದವು. ಯಂತ್ರ ಲಿನಕ್ಸೋ ವಿಂಡೋಸೋ ಎಂದು ಹೇಳುವ ಸಾಲು ಹುಡುಕಿದರೂ ಸಿಗಲಿಲ್ಲ.

“ಎಲ್ಲಿ ನೋಡ್ತಿದ್ದೀಯೋ?” ಎಂದರು ಚಿಕ್ಕಮ್ಮ. “ಈ ಸೆಕೆಯಲ್ಲಿ ಫ್ಯಾನ್ ಯಾಕೆ ಆರಿಸಿ ಕೂತಿದ್ದೀಯ? ಹಾಕ್ಕೊಳ್ಳೋ!”